ಪುಸ್ತಕದ 0.13 ಬಾರ್ನ್ ತಪ್ಪಲ್ಲ

ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಪದೇ ಪದೇ ಬರುತ್ತಿರುವುದರಿಂದ, ಈ ಸಲ ಅಂಕಣದ ಬಹುಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ನ್ಯೂಟ್ರಾನ್ ಎಂಬುದು ಪರಮಾಣು ಬೀಜದ ವಿದ್ಯುದಾವೇಶವಿಲ್ಲದ ಕಣ; ಬೀಜವೊಂದು ಅದನ್ನು ಸೆರೆಹಿಡಿಯುವ ಸಾಧ್ಯತೆಯೇ ಸೆರೆಯ ಅಡ್ಡಛೇದ, ಅದನ್ನು ಅಳೆಯುವ ಮಾನವೇ ಬಾರ್ನ್. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಸರ್, ಸಹಜ ಮಾಲಿಬ್ಡಿನಮ್ ಹಾಳೆಯನ್ನು ರಿಯಾಕ್ಟರ್‌ನಲ್ಲಿಟ್ಟು, ಚಿನ್ನದ ಹಾಳೆಯೊಂದಿಗೆ ಹೋಲಿಸಿ ಮಾಲಿಬ್ಡಿನಮ್-98ರ ನ್ಯೂಟ್ರಾನ್ ಸೆರೆಯ ಅಡ್ಡಛೇದವನ್ನು ಅಳೆದೆ. ಸುಮಾರು 0.30 ಬಾರ್ನ್ ಬಂತು. ಪುಸ್ತಕದಲ್ಲಿ 0.13 ಇದೆ. ಪುಸ್ತಕ ಹಳೆಯದಾಯಿತೇ? (ಸಂಶೋಧನಾ ವಿದ್ಯಾರ್ಥಿ, ಮಲ್ಲೇಶ್ವರ)

ಉತ್ತರ: ಪುಸ್ತಕವನ್ನು ಅನುಮಾನಿಸುವ ಮೊದಲು, ನಿಮ್ಮ ಹಾಳೆಗೆ ಬಡಿದದ್ದು ಯಾವ ನ್ಯೂಟ್ರಾನ್ ಎಂದು ಕೇಳಿಕೊಳ್ಳಿ. 0.13 ಎಂಬುದು ಉಷ್ಣ, ಅಂದರೆ ಕೋಣೆಯ ಉಷ್ಣಾಂಶದಷ್ಟೇ ಶಕ್ತಿಯ ನಿಧಾನಗತಿಯ, ನ್ಯೂಟ್ರಾನ್‌ಗಳ ಮಾತು. ಅದಕ್ಕಿಂತ ಹೆಚ್ಚು ಶಕ್ತಿಯ ನ್ಯೂಟ್ರಾನ್‌ಗಳಿಗೆ ಮಾಲಿಬ್ಡಿನಮ್-98ರ ಅನುರಣನ ಸಮಾಕಲನ (ಕೆಲವು ನಿರ್ದಿಷ್ಟ ಶಕ್ತಿಗಳಲ್ಲಿ ಸೆರೆ ಏಕಾಏಕಿ ಹೆಚ್ಚುವುದೇ ಅನುರಣನ; ಅಂಥವನ್ನೆಲ್ಲ ಒಟ್ಟುಗೂಡಿಸಿದ ಮೊತ್ತವಿದು) ಸುಮಾರು 7 ಬಾರ್ನ್, ಅಂದರೆ ಐವತ್ತು ಪಟ್ಟಿಗಿಂತಲೂ ಹೆಚ್ಚು. ನೀವು ಹಾಳೆಯಿಟ್ಟ ಜಾಗದಲ್ಲಿ ಉಷ್ಣ ಪ್ರವಾಹ ಉಳಿದದ್ದರ 40 ಪಟ್ಟು ಇದ್ದರೂ, ಚಿನ್ನದಲ್ಲಿ ಇದೇ ನ್ಯೂಟ್ರಾನ್‌ಗಳ ಪಾಲನ್ನು ಸದ್ಯಕ್ಕೆ ಬದಿಗಿಟ್ಟು, 7ನ್ನು 40ರಿಂದ ಭಾಗಿಸಿ 0.13ಕ್ಕೆ ಕೂಡಿಸಿ ನೋಡಿ, ನಿಮ್ಮ 0.30 ತಾನಾಗಿಯೇ ಸಿಗುತ್ತದೆ. 98 ಒಂದು ನ್ಯೂಟ್ರಾನನ್ನು ಸೆರೆಹಿಡಿದರೆ ಮಾಲಿಬ್ಡಿನಮ್-99 ಆಗುತ್ತದೆ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ್ದು ನೀವು ಲೆಕ್ಕಕ್ಕೇ ಹಿಡಿಯದ ನ್ಯೂಟ್ರಾನ್‌ಗಳಿಂದ.

ಇದಕ್ಕೆ ಪರಿಹಾರ ಹಳೆಯದೇ. ಎರಡು ಹಾಳೆಗಳಲ್ಲಿ ಒಂದನ್ನು ಬರಿದಾಗಿಯೂ ಇನ್ನೊಂದನ್ನು 1 ಮಿಲಿಮೀಟರ್ ಕ್ಯಾಡ್ಮಿಯಮ್ ಹೊದಿಕೆಯೊಳಗೂ ಇಡಿ. ಶಕ್ತಿಯಲ್ಲಿ ಸುಮಾರು 0.5 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನವನ್ನೆಲ್ಲ ಕ್ಯಾಡ್ಮಿಯಮ್ ನುಂಗಿಬಿಡುವುದರಿಂದ, ಎರಡರ ವ್ಯತ್ಯಾಸವೇ ಉಷ್ಣ ಭಾಗ. ಚಿನ್ನಕ್ಕೂ ಹೀಗೆಯೇ ಮಾಡಬೇಕು. ಆದರೆ ಚಿನ್ನದ ವಿಷಯದಲ್ಲಿ ಇನ್ನೊಂದು ಬಲೆಯಿದೆ: 4.9 ಎಲೆಕ್ಟ್ರಾನ್ ವೋಲ್ಟ್‌ನ ಅನುರಣನ ಎಷ್ಟು ಪ್ರಬಲವೆಂದರೆ, ಹಾಳೆಯ ಮೇಲ್ಪದರವೇ ಆ ನ್ಯೂಟ್ರಾನ್‌ಗಳನ್ನು ತಿಂದು ಒಳಗಿನ ಪರಮಾಣುಗಳನ್ನು ಉಪವಾಸ ಕೆಡವುತ್ತದೆ. 0.1 ಶೇಕಡ ಚಿನ್ನವಿರುವ ಅಲ್ಯೂಮಿನಿಯಮ್ ತಂತಿ ಬಳಸಿದರೆ ಈ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ.

ನಿಮ್ಮ ಪತ್ರದ ಕೊನೆಯಲ್ಲಿ, ಹಾಳೆಯನ್ನು ಕಿರಣಕ್ಕೊಡ್ಡಿ ನಾಲ್ಕು ಗಂಟೆಯಾದ ಮೇಲೆ ಎಣಿಸಿದ ಫಲ ಮರುದಿನದ ಫಲಕ್ಕೆ ಹೊಂದಲಿಲ್ಲ ಎಂದು ಬರೆದಿದ್ದೀರಿ. ಹೊಂದುವುದು ಹೇಗೆ? ನೀವು ಎಣಿಸಿದ್ದು 140 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಗಾಮಾ ಕಿರಣವನ್ನು. ಅದರ ಬಹುಭಾಗ, ತಾಯಿ ಮಾಲಿಬ್ಡಿನಮ್-99 ಕ್ಷಯಿಸಿದಾಗ ಹುಟ್ಟುವ ಮಗಳು ಟೆಕ್ನೀಷಿಯಮ್-99ಎಮ್‌ನದು. ಅವಳ ಅರ್ಧಾಯುಷ್ಯ 6 ಗಂಟೆ, ತಾಯಿಯದು 66 ಗಂಟೆ. ಮಗಳ ಚಟುವಟಿಕೆ ಶಿಖರ ಮುಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ತಾಯಿಯದೇ ಆದ 740 ಕೆಇವಿ ರೇಖೆಯನ್ನು ಎಣಿಸಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಸಹಜ ಮಾಲಿಬ್ಡಿನಮ್‌ನಲ್ಲಿ 98 ಇರುವುದು ಸುಮಾರು ಕಾಲು ಭಾಗವಷ್ಟೇ ಎಂಬುದನ್ನು ನೀವು ಮರೆತಿಲ್ಲವೆಂದು ನಂಬಿದ್ದೇನೆ. ಮರೆತವರ ಪತ್ರಗಳೂ ನನ್ನಲ್ಲಿವೆ.

ಪ್ರಶ್ನೆ: ಒಂದೊಂದು ಅನುರಣನವನ್ನೂ ಬಿಡಿಸಿ ನೋಡುವುದು ಹೇಗೆ?

ಉತ್ತರ: ಹಾರಾಟದ ಸಮಯವನ್ನು ಅಳೆದು; ಹೆಚ್ಚು ಶಕ್ತಿಯ ನ್ಯೂಟ್ರಾನ್ ಬೇಗ ತಲುಪುತ್ತದೆ. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯವಾದ ಸರ್ನ್‌ನ 185 ಮೀಟರ್ ಹಾದಿಯಲ್ಲಿ, ಮಾಲಿಬ್ಡಿನಮ್-95 ಹಸಿದು ಕಾಯುವ 45 ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್ ಸುಮಾರು 2 ಮಿಲಿಸೆಕೆಂಡ್‌ಗೆ ತಲುಪುತ್ತದೆ. ಹಾಳೆ ಹಿಡಿದು ರಿಯಾಕ್ಟರ್‌ಗೆ ಹೋಗುವವರಿಗೆ ಇದು ಸಿಗದು.

ಪ್ರಶ್ನೆ: ಮೊಬೈಲ್ ವಿಕಿರಣವನ್ನು ಹೀರುವ ಮಾಲಿಬ್ಡಿನಮ್ ಪದಕವನ್ನು ಜಯನಗರದಲ್ಲಿ ಮಾರುತ್ತಿದ್ದಾರೆ, ಕೊಳ್ಳಬಹುದೇ?

ಉತ್ತರ: ಮೊಬೈಲ್‌ನಿಂದ ನ್ಯೂಟ್ರಾನ್ ಬರುವುದಿಲ್ಲ, ಕೊರಳಲ್ಲಿ ತೂಗುವ ಬಿಲ್ಲೆ ರೇಡಿಯೋ ಅಲೆಗಳಿಂದ ಕಾಪಾಡುವುದೂ ಇಲ್ಲ, ಮಾರುವವನು ಕಳ್ಳ.