ಸಂಪಾದಕರ ಉತ್ತರ: ಹೊದಿಕೆಯ ಮೇಲೆ ಒಂದೇ ಹೆಸರೇಕೆ?

(ಪತ್ರದ ಸಾರ: ಬ್ರಿಟಿಷ್ ಗಾಯಕ, ಗೀತರಚನೆಕಾರ ಪಾಲ್ ಹೀಟನ್ ಅವರ ‘ದಿ ಲಾಸ್ಟ್ ಕಿಂಗ್ ಆಫ್ ಪಾಪ್’ ಸಂಕಲನವನ್ನು ನಿಮ್ಮ ಪತ್ರಿಕೆ ಹೊಗಳಿದ್ದು ನನಗೆ ಒಪ್ಪಿಗೆಯಿಲ್ಲ. ಹೌಸ್‌ಮಾರ್ಟಿನ್ಸ್, ಬ್ಯೂಟಿಫುಲ್ ಸೌತ್ ಎಂಬ ಅವರ ಎರಡು ತಂಡಗಳ ದುಡಿಮೆಯನ್ನು ಒಬ್ಬರ ಖಾತೆಗೆ ಬರೆದಂತಾಗಿದೆ. ಅದರ ಮೇಲೆ ತಾನೇ ಅರಸ ಎಂಬ ಜಂಬ ಬೇರೆ. ಹಳೆಯ ಹಾಡುಗಳನ್ನೇ ಮತ್ತೆ ಮಾರುವ ಇದನ್ನು ಏಕೆ ಕೊಳ್ಳಬೇಕು? – ಓದುಗರೊಬ್ಬರು, ಧಾರವಾಡ)

ಮಾನ್ಯರೇ,

ಜಂಬದ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. 1987ರಲ್ಲಿ ಬಂದ ಹೌಸ್‌ಮಾರ್ಟಿನ್ಸ್ ತಂಡದ ಎರಡನೆಯ ಆಲ್ಬಮ್ಮಿನ ಶೀರ್ಷಿಕೆ ಗೀತೆ ಬ್ರಿಟನ್ನಿನ ರಾಜಮನೆತನವನ್ನೂ ಅದರ ಮುಂದೆ ಹಲ್ಲು ಗಿಂಜುವ ಪ್ರಜೆಗಳನ್ನೂ ಒಟ್ಟಿಗೇ ಗೇಲಿ ಮಾಡಿತ್ತು. ಅದನ್ನು ಹಾಡಿದ ಹೀಟನ್ 2018ರ ಈ ಸಂಕಲನದಲ್ಲಿ ತಮ್ಮನ್ನೇ ಪಾಪ್ ಸಂಗೀತದ ಕೊನೆಯ ಅರಸ ಎಂದು ಕರೆದುಕೊಂಡರೆ ಅದು ಕುಚೇಷ್ಟೆಯೇ ಹೊರತು ಜಂಬವಲ್ಲ.

ನಿಮ್ಮ ಮೊದಲ ಆಕ್ಷೇಪಕ್ಕೆ ತೂಕವಿದೆ. ಅಷ್ಟೇ ಅಲ್ಲ, ಅದನ್ನು ನೀವು ಇನ್ನೂ ಗಟ್ಟಿಯಾಗಿ ಮಂಡಿಸಬಹುದಿತ್ತು. ಇಂಗ್ಲೆಂಡಿನ ಹಲ್ ಊರಿನಲ್ಲಿ 1983ರಲ್ಲಿ ಹುಟ್ಟಿದ ಹೌಸ್‌ಮಾರ್ಟಿನ್ಸ್ ಒಮ್ಮೆ ಮಾತ್ರ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು, 1986ರ ಡಿಸೆಂಬರಿನಲ್ಲಿ. ಆ ಹಾಡು ‘ಕ್ಯಾರವಾನ್ ಆಫ್ ಲವ್’. ಅದು ಹೀಟನ್ ಬರೆದದ್ದೇ ಅಲ್ಲ, ಅಮೆರಿಕದ ಐಸ್ಲಿ-ಜಾಸ್ಪರ್-ಐಸ್ಲಿ ತಂಡದ್ದು. ಬ್ಯೂಟಿಫುಲ್ ಸೌತ್ ಕೂಡ ಒಮ್ಮೆ ಮಾತ್ರ ಆ ಸ್ಥಾನ ಕಂಡಿತು, 1990ರಲ್ಲಿ, ‘ಎ ಲಿಟಲ್ ಟೈಮ್’ ಹಾಡಿನಿಂದ. ಅದನ್ನು ಹಾಡಿದವರು ಡೇವ್ ಹೆಮಿಂಗ್‌ವೇ ಮತ್ತು ಬ್ರಿಯಾನಾ ಕಾರಿಗನ್. ಅಂದರೆ ನಮ್ಮ ಅರಸರ ತಂಡಗಳು ಎರಡು ಸಲ ಸಿಂಹಾಸನ ಹತ್ತಿದಾಗ ಒಮ್ಮೆ ಪದಗಳು ಅವರವಲ್ಲ, ಇನ್ನೊಮ್ಮೆ ದನಿ ಅವರದಲ್ಲ.

ಬರೆಯುವಾಗಲೂ ಅವರು ಒಂಟಿಯಲ್ಲ. ಮೊದಲ ತಂಡದಲ್ಲಿ ಸ್ಟ್ಯಾನ್ ಕಲಿಮೋರ್, ಎರಡನೆಯದರಲ್ಲಿ ಡೇವ್ ರಾದರೆ, ಇಬ್ಬರೂ ಗಿಟಾರ್ ವಾದಕರು, ಹೀಟನ್ ಜೊತೆ ಹಾಡು ಕಟ್ಟಿದವರು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಹೊದಿಕೆಯ ಮೇಲೆ ಆ ಒಂದು ಹೆಸರು ಇರುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ತಂಡಗಳು ಬದಲಾದವು, ಹಾಡುವವರು ಬದಲಾದರು. ನಗುನಗುತ್ತಲೇ ಚಿವುಟುವ ಸಾಹಿತ್ಯ ಬದಲಾಗಲಿಲ್ಲ. 1986ರ ‘ಹ್ಯಾಪಿ ಅವರ್’ ಕೇಳಿ. ಕುಣಿಯಬೇಕೆನ್ನಿಸುವ ಧಾಟಿ. ಒಳಗಿರುವುದು ಸಂಜೆ ಕಚೇರಿ ಬಿಟ್ಟು ಪಬ್ಬಿನಲ್ಲಿ ಸೇರಿ, ಹೆಂಗಸರ ಬಗ್ಗೆ ಹಗುರವಾಗಿ ಮಾತಾಡುವ ಗಂಡಸರ ಮೇಲಿನ ಅಸಹ್ಯ. ಹತ್ತು ವರ್ಷಗಳ ನಂತರ ಬ್ಯೂಟಿಫುಲ್ ಸೌತ್ ಹಾಡಿದ ‘ಡೋಂಟ್ ಮ್ಯಾರಿ ಹರ್’ ಕೂಡ ಜೋಗುಳದಷ್ಟು ಹಿತವಾಗಿದೆ. ಮದುವೆಯ ಹೊಸ್ತಿಲಲ್ಲಿರುವ ಗಂಡಸನ್ನು ತನ್ನತ್ತ ಸೆಳೆಯುವ ಹೆಣ್ಣಿನ ಬಾಯಲ್ಲಿ ಸಂಸಾರದ ಬೇಸರವೆಲ್ಲ ಪಟ್ಟಿಯಾಗಿ ಬರುತ್ತದೆ. ಜ್ಯಾಕಿ ಅಬಟ್ ಎಷ್ಟು ಮುಗ್ಧವಾಗಿ ಹಾಡುತ್ತಾರೆಂದರೆ, ರೇಡಿಯೋಗಾಗಿ ಅದರ ಪದಗಳನ್ನು ಬದಲಿಸಬೇಕಾಯಿತೆಂದರೆ ನಂಬುವುದು ಕಷ್ಟ.

ಎಲ್ಲಕ್ಕಿಂತ ನಿಮ್ಮ ಪತ್ರಕ್ಕೆ ನೇರವಾಗಿ ಸಂಬಂಧಿಸಿದ್ದು 1989ರ ‘ಸಾಂಗ್ ಫಾರ್ ಹೂಎವರ್’. ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿದ ಈ ಮಧುರ ಪ್ರೇಮಗೀತೆಯಲ್ಲಿ ಜೆನಿಫರ್, ಆಲಿಸನ್, ಡೆಬೊರಾ ಎಂದು ಹೆಸರುಗಳ ಸಾಲೇ ಇದೆ. ಪ್ರೀತಿಸುವಾತ ಒಬ್ಬ ಗೀತರಚನೆಕಾರ. ಅವನಿಗೆ ಹುಡುಗಿಯರು ಬೇಕಿರುವುದು ಹಾಡಿಗೆ, ಹಾಡು ಬೇಕಿರುವುದು ಹಣಕ್ಕೆ. ಬೇರೆಯವರ ಬದುಕನ್ನು ತನ್ನ ಹೆಸರಿನಲ್ಲಿ ಮಾರಿಕೊಳ್ಳುವವನು ಎಂದು ನೀವು ಹೀಟನ್ ಮೇಲೆ ಹೊರಿಸಿದ ಆರೋಪವನ್ನು ಅವರೇ ತಮ್ಮ ಕಸುಬಿನ ಮೇಲೆ ಮೊದಲೇ ಹೊರಿಸಿ, ಅದರಿಂದಲೂ ಹಣ ಮಾಡಿಕೊಂಡಿದ್ದಾರೆ! ಇಂಥ ತುಂಟತನಕ್ಕೆ ನಾನು ಸೋಲುತ್ತೇನೆ.

ಹಾಗೆಂದು ಹಾಡುವವರು ಬರೀ ಕೊಳವೆಗಳೇನಲ್ಲ. ಕೆಲವು ಹಾಡುಗಳ ಸಾಹಿತ್ಯ ಹಿಡಿಸದೆ ಕಾರಿಗನ್ ತಂಡ ಬಿಟ್ಟು ತಮ್ಮದೇ ದಾರಿ ಹಿಡಿದರು. ಅರೆನಗ್ನ ಚಿತ್ರಗಳ ರೂಪದರ್ಶಿಯರನ್ನು ಹಂಗಿಸುವ ‘36ಡಿ’ ಅವುಗಳಲ್ಲೊಂದು. ಆ ಹಾಡಿನ ಸಿಟ್ಟು ಚಿತ್ರ ಅಚ್ಚು ಹಾಕಿದ ಪತ್ರಿಕೆಗಳ ಕಡೆಗೆ ತಿರುಗಬೇಕಿತ್ತು. ಕಾರಿಗನ್ ಮುನಿಸು ನನಗೆ ಅರ್ಥವಾಗುತ್ತದೆ. ಅವರ ಜಾಗಕ್ಕೆ ಬಂದ ಅಬಟ್ 2000ದಲ್ಲಿ ತಂಡ ತೊರೆದರು. ಒಡೆಯುವ ತಂಡಗಳು ಸಾಮಾನ್ಯವಾಗಿ ಹೇಳುವ ‘ಸಂಗೀತದ ಭಿನ್ನಾಭಿಪ್ರಾಯ’ವನ್ನು ತಮಾಷೆಗೆ ತಿರುಗಿಸಿ, ‘ಸಂಗೀತದ ಸಾಮ್ಯಗಳು ಹೆಚ್ಚಾದವು’ ಎಂದು ಕಾರಣ ಕೊಟ್ಟು 2007ರಲ್ಲಿ ತಂಡವೇ ಮುಚ್ಚಿತು. 2014ರಲ್ಲಿ ಹೀಟನ್ ಮತ್ತು ಅಬಟ್ ಇಬ್ಬರ ಹೆಸರಿನಲ್ಲೂ ಆಲ್ಬಮ್ ಬಂತು. ಅಂದರೆ ಹೆಸರು ಹಂಚಿಕೊಳ್ಳಲು ಈ ಮನುಷ್ಯನಿಗೆ ಬರುವುದಿಲ್ಲವೆಂದಲ್ಲ.

ನನಗೆ ಇವರ ಬಗ್ಗೆ ಸ್ವಲ್ಪ ಪಕ್ಷಪಾತವೂ ಇದೆಯೆಂದು ಇಟ್ಟುಕೊಳ್ಳಿ. 2020ರಲ್ಲಿ ಬ್ರಿಟನ್ನಿನ ‘ಕ್ಯೂ’ ಸಂಗೀತ ಪತ್ರಿಕೆ ಮುಚ್ಚಿದಾಗ, ಕೆಲಸ ಕಳೆದುಕೊಂಡ ಸಿಬ್ಬಂದಿಗೆಂದು ಹೀಟನ್ ದೊಡ್ಡ ಮೊತ್ತ ಕಳಿಸಿದ್ದರು. ಪತ್ರಿಕೆ ನಡೆಸುವವನು ಇಂಥದ್ದನ್ನು ಮರೆಯುವುದು ಕಷ್ಟ.

ಕೊಳ್ಳಬೇಕೇ ಎಂದು ಕೇಳಿದ್ದೀರಿ. 1994ರ ‘ಕ್ಯಾರಿ ಆನ್ ಅಪ್ ದಿ ಚಾರ್ಟ್ಸ್’ ಸಂಕಲನ ನಿಮ್ಮಲ್ಲಿದ್ದರೆ ಬ್ಯೂಟಿಫುಲ್ ಸೌತ್‌ನ ಆರಂಭದ ವರ್ಷಗಳು ನಿಮ್ಮ ಕೈಯಲ್ಲಿವೆ. ಆದರೆ 1996ರ ‘ರಾಟರ್‌ಡ್ಯಾಮ್’ ಆಗಲಿ 1998ರ ‘ಪರ್ಫೆಕ್ಟ್ 10’ ಆಗಲಿ ಅದರಲ್ಲಿ ಸಿಗುವುದಿಲ್ಲ. ಅದೂ ಇಲ್ಲವಾದರೆ 2018ರದನ್ನೇ ತೆಗೆದುಕೊಳ್ಳಿ. ತಂಡ ಎಂಬುದರ ಮೇಲೆ ನಿಮಗಿರುವ ಅಭಿಮಾನ ನೋಡಿದರೆ, ನೀವು ಮೊದಲು ಕೇಳಬೇಕಾದದ್ದು ಹೌಸ್‌ಮಾರ್ಟಿನ್ಸ್ ತಂಡದ ಮೊದಲ ಆಲ್ಬಮ್, 1986ರ ‘ಲಂಡನ್ 0 ಹಲ್ 4’. ಅದರಲ್ಲಿ ಬೇಸ್ ಗಿಟಾರ್ ನುಡಿಸಿದ ನಾರ್ಮನ್ ಕುಕ್ ಮುಂದೆ ಫ್ಯಾಟ್‌ಬಾಯ್ ಸ್ಲಿಮ್ ಎಂಬ ಹೆಸರಿನಲ್ಲಿ ಜಗತ್ತನ್ನೇ ಕುಣಿಸಿದರು. ಅವರ ಬಗ್ಗೆ ನೀವು ಇನ್ನೊಂದು ಪತ್ರ ಬರೆದರೆ ಅದನ್ನೂ ಪ್ರಕಟಿಸುತ್ತೇನೆ.

– ಸಂ.