ಸ್ಕಾಟ್ಲೆಂಡಿನಲ್ಲಿ ಅಪ್ಪ-ಅಮ್ಮನ ಜೊತೆ ಎಲ್ಲೆಲ್ಲಿ ನಡೆಯಬಹುದು?

ಜೂನ್‌ನಲ್ಲಿ ಬರುತ್ತೇವೆ, ಅಪ್ಪನಿಗೆ ಮಂಡಿನೋವು, ನನಗೆ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ ಹತ್ತೋ ಆಸೆ ಅಂತ ಬರೆದಿದ್ದೀರಿ. ಎರಡೂ ಆಗುತ್ತೆ. ದಾರಿ ಆರಿಸುವಾಗ ಕಿಲೋಮೀಟರಿಗಿಂತ ಏರು ಎಷ್ಟಿದೆ ಅಂತ ನೋಡಿ. ಗ್ಲಾಸ್ಗೋದಲ್ಲಿರುವ ನಾನೂ ನೈಸ್ಮಿತ್ ಅನ್ನೋ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕವನ್ನೇ ಹಿಡಿಯುತ್ತೇನೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 300 ಮೀಟರ್ ಏರಿಗೆ ಇನ್ನರ್ಧ ಗಂಟೆ. ಇದು ಕಾಲು ಗಟ್ಟಿ ಇರುವವರಿಗೆ. ಅಪ್ಪ ಜೊತೆಗಿದ್ದರೆ ಎರಡರಷ್ಟು ಇಟ್ಟುಕೊಳ್ಳಿ.

ಅವರಿಗೆ ಏವೀಮೋರ್ ಊರಿನ ಹತ್ತಿರದ ಲಾಕ್ ಆನ್ ಏಲನ್ ಸರೋವರ ಹೇಳಿ ಮಾಡಿಸಿದಂಥದ್ದು. ಒಂದು ಸುತ್ತು ಸುಮಾರು 7 ಕಿ.ಮೀ., ಹೆಚ್ಚೂಕಮ್ಮಿ ಸಮತಟ್ಟು. ಹಳೇ ಪೈನ್ ಮರಗಳ ನಡುವೆ ದಾರಿ, ನೀರಿನ ನಡುವೆ ಪುಟ್ಟ ದ್ವೀಪದಲ್ಲಿ ಪಾಳುಬಿದ್ದ ಕೋಟೆ. ಕೋಟೆ ನೋಡಿ ಅಲ್ಲಿಂದಲೇ ವಾಪಸ್ ಬಂದರೂ ಸಾಕು.

ಅಮ್ಮ ಚುರುಕಾಗಿದ್ದರೆ ಬಾಲ್‌ಮಾಹಾ ಅನ್ನೋ ಹಳ್ಳಿಯಿಂದ ಕಾನಿಕ್ ಹಿಲ್ ಹತ್ತಿಸಿ. 361 ಮೀಟರ್ ಅಷ್ಟೇ, ಆದರೆ ಏರು ಕಡಿದು. ಇದು ನನಗೆ ತುಂಬಾ ಇಷ್ಟದ ಬೆಟ್ಟ. ಮೇಲೆ ನಿಂತು ಲಾಕ್ ಲೋಮಂಡ್ ಸರೋವರದ ಕಡೆ ನೋಡಿ: ದ್ವೀಪಗಳು ಒಂದರ ಹಿಂದೆ ಒಂದು ಸಾಲಾಗಿ ಕಾಣುತ್ತವೆ. ಹೈಲ್ಯಾಂಡ್ಸ್ ಅನ್ನೋ ಬೆಟ್ಟನಾಡು ಮತ್ತು ತಗ್ಗುನಾಡನ್ನು ಬೇರೆ ಮಾಡುವ ಭೂಬಿರುಕು ಅದೇ ಸಾಲಿನಲ್ಲಿ ಹಾದುಹೋಗಿದೆ. ನಿಮ್ಮ ಕಾಲಡಿಯ ಬೆಟ್ಟವೂ ಅದರ ಮೇಲೇ ಇದೆ.

ಇನ್ನು ಬೆನ್ ನೆವಿಸ್. 1345 ಮೀಟರ್, ಅಂದರೆ ನಮ್ಮ ಕೊಡಚಾದ್ರಿಯಷ್ಟೇ ಎತ್ತರ. ಆದರೆ ಇಲ್ಲಿ ಜೀಪಿಲ್ಲ, ನಡಿಗೆ ಶುರುವಾಗುವುದೂ ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ. ಹೋಗಿ ಬರಲು ಏಳೆಂಟು ಗಂಟೆ ಬೇಕು. ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು ಕವಿದಿರುತ್ತೆ, ಜೂನ್‌ನಲ್ಲೂ ತುದಿಯಲ್ಲಿ ಹಿಮ ಉಳಿದಿರಬಹುದು. ತುದಿಯ ಉತ್ತರಕ್ಕೆ ನೇರ ಪ್ರಪಾತ, ಮಂಜಿನಲ್ಲಿ ಅಂಚು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮ್ಯಾಪು, ದಿಕ್ಸೂಚಿ ಬಳಸಲು ಬರದಿದ್ದರೆ ಒಬ್ಬರೇ ಹೋಗಬೇಡಿ. ಸುಮ್ನೆ ಹೆದರಿಸ್ತಿಲ್ಲ.

ಮಿಡ್ಜ್ ಅನ್ನೋ ಸಣ್ಣ ಹುಳದ ಕಾಟ ಜೂನ್‌ನಲ್ಲಿ ಜಾಸ್ತಿ. ಗಾಳಿ ನಿಂತ ಕೂಡಲೇ ಮುತ್ತಿಕೊಂಡು ಕೂದಲೊಳಗೆ, ಕಿವಿಯೊಳಗೆಲ್ಲ ನುಗ್ಗುತ್ತವೆ. ತಲೆಗೆ ಹಾಕಿಕೊಳ್ಳುವ ಬಲೆ ಅಗ್ಗ, ಎಲ್ಲರಿಗೂ ಕೊಳ್ಳಿ. ಹುಲ್ಲಿನಲ್ಲಿ ಉಣುಗು ಇರುತ್ತೆ, ಅದು ಕಚ್ಚಿದರೆ ಲೈಮ್ ಅನ್ನೋ ಸೋಂಕು ಕಾಯಿಲೆ ಬರಬಹುದು. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸಿಕ್ಕಿಸಿ, ರೂಮಿಗೆ ಬಂದಮೇಲೆ ಮೈ ನೋಡಿಕೊಳ್ಳಿ.

ಬೆನ್ ನೆವಿಸ್‌ಗೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಬೆಟ್ಟದ ಹವಾಮಾನ ನೋಡಿ, ಗಾಳಿ ಜೋರಿದೆ ಅಂತಿದ್ದರೆ ಮರುದಿನಕ್ಕೆ ಹಾಕಿ. ಎಲ್ಲಿ ಉಳಿಯುತ್ತೀರಿ ಅಂತ ತಿಳಿಸಿದರೆ ಬಸ್ಸು, ರೈಲಿನ ವಿಷಯವನ್ನೂ ಬರೆಯುತ್ತೇನೆ.