ಹಳೆ ಟೇಬಲ್ ಸಾಗೆ ಮೊದಲು ಹೊಸ ಬ್ಲೇಡ್ ತರಬೇಡಿ, ಶಾಫ್ಟ್ ಬಿಚ್ಚಿ ನೋಡಿ

ಸಾಗರದ ಬಡಗಿಯೊಬ್ಬರ ಶೆಡ್‌ನಿಂದ 12 ಇಂಚಿನ ಬ್ಲೇಡಿನ ಹಳೆ ಟೇಬಲ್ ಸಾ, ಅಂದರೆ ಟೇಬಲಿನ ನಡುವೆ ಗರಗಸದ ಬ್ಲೇಡ್ ತಿರುಗುವ ಮೆಷಿನ್, ತಂದಿದ್ದೀರಿ. ಬೀಡು ಕಬ್ಬಿಣದ ಟೇಬಲ್, 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಓಡಿಸಿದರೆ ಗೊರಗೊರ ಸದ್ದು ಬರುತ್ತದೆ, ಹಲಗೆಯ ಅಂಚು ಸುಟ್ಟು ಕಪ್ಪಾಗುತ್ತದೆ. ಹೊಸ ಬ್ಲೇಡ್ ಹಾಕಿದರೆ ಸರಿ ಹೋಗುತ್ತದಾ ಅಂತ ಕೇಳಿದ್ದೀರಿ. ಬ್ಲೇಡಿನ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಗೊರಗೊರ ಸದ್ದು ಬ್ಲೇಡಿನದಲ್ಲ, ಶಾಫ್ಟನ್ನು ಹಿಡಿದು ಸಲೀಸಾಗಿ ತಿರುಗಿಸುವ ಬೇರಿಂಗಿನದು. ಶಾಫ್ಟ್, ಅಂದರೆ ಬ್ಲೇಡ್ ಕೂರುವ ಸರಳು, ನೆಟ್ಟಗಿಲ್ಲದ ಮೆಷಿನ್‌ಗೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ಅದು ಓಲಾಡಿಕೊಂಡೇ ಕೊಯ್ಯುತ್ತದೆ.

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಬೆಲ್ಟ್ ಕಳಚಿ, ಬ್ಲೇಡ್ ಕೂರುವ ಕಡೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಸಡಿಲ ಇದ್ದರೂ ಕೈಗೆ ಗೊತ್ತಾಗುತ್ತದೆ. ಆಮೇಲೆ ನಿಧಾನಕ್ಕೆ ತಿರುಗಿಸಿ. ಮರಳು ಅರೆದ ಹಾಗೆ ಅನ್ನಿಸಿದರೆ ಬೇರಿಂಗ್ ಹೋಗಿದೆ. ಬ್ಲೇಡಿನ ನಟ್ ಬಿಚ್ಚುವಾಗ ಒಂದು ಗುರುತು: ಬ್ಲೇಡ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಉಲ್ಟಾ ತಿರುಗಿಸಿ ಥ್ರೆಡ್ ಹಾಳು ಮಾಡಿಕೊಂಡವರು ಬಹಳ ಜನ.

ಬೇರಿಂಗ್ ನಂಬರ್ ಅದರ ಮೈಮೇಲೇ ಇರುತ್ತದೆ. 6204 ಅಂದರೆ ಒಳಗೆ 20, ಹೊರಗೆ 47 ಮಿಲಿಮೀಟರ್. 6205 ಆದರೆ 25, 52. ಅಂಗಡಿಯಲ್ಲಿ ‘2ಆರ್‌ಎಸ್’ ಅಂತ ಕೇಳಿ ತನ್ನಿ. ಅದಕ್ಕೆ ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ. ಮರದ ಹೊಟ್ಟು ಹಿಟ್ಟಿನ ಹಾಗೆ ಎಲ್ಲ ಕಡೆ ನುಗ್ಗುತ್ತದೆ, ತಗಡಿನ ಮುಚ್ಚಳ ಅದನ್ನು ಪೂರ್ತಿ ತಡೆಯುವುದಿಲ್ಲ. ಹಾಕುವಾಗ ಬೇರಿಂಗಿನ ಒಳ ಬಳೆಗೆ ಮಾತ್ರ ತಾಗುವಂಥ ಪೈಪ್ ತುಂಡಿಟ್ಟು ತಟ್ಟಿ. ಹೊರ ಬಳೆಗೆ ಸುತ್ತಿಗೆಯೇಟು ಬಿದ್ದರೆ ಒಳಗೆ ಗುಂಡು ಓಡುವ ದಾರಿಯಲ್ಲಿ ಕಲೆ ಬಿದ್ದು ಹೊಸ ಬೇರಿಂಗೇ ಸದ್ದು ಮಾಡುತ್ತದೆ.

ಬೇರಿಂಗ್ ತೆಗೆದ ಮೇಲೆ ಶಾಫ್ಟನ್ನು ಬಿಸಿಲಿಗೆ ಹಿಡಿದು ನೋಡಿ. ನಾನು ತಂದ ಮೆಷಿನ್‌ನಲ್ಲಿ ಬೇರಿಂಗ್ ಕೂರುವ ಜಾಗದ ಸುತ್ತ ಪಂಚ್‌ನಿಂದ ಹೊಡೆದ ಚುಕ್ಕೆಗಳಿದ್ದವು, ರಾಗಿ ಚೆಲ್ಲಿದ ಹಾಗೆ. ಶಾಫ್ಟ್ ಸವೆದು ಬೇರಿಂಗ್ ಅದರ ಮೇಲೇ ಜಾರಿ ತಿರುಗುತ್ತಿತ್ತು. ಅದನ್ನು ಬಿಗಿ ಮಾಡಲು ಯಾರೋ ಹಾಗೆ ಹೊಡೆದಿದ್ದರು. ಉಗುರು ಓಡಿಸಿದರೆ ಅಂಚಿನಲ್ಲಿ ಮೆಟ್ಟಿಲು ತಾಗುತ್ತಿತ್ತು. ಅಂಥದ್ದರ ಮೇಲೆ ಹೊಸ ಬೇರಿಂಗ್ ಹಾಕಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ವೆಲ್ಡಿಂಗ್ ತುಂಬಿಸಿ ತಿರುವಿ ಕೊಡುತ್ತೇನೆ ಅಂತ ಲೇತ್‌ನವರು ಹೇಳಬಹುದು. ನನ್ನ ಮಾತು ಕೇಳುವುದಾದರೆ ಬೇಡ. ವೆಲ್ಡಿಂಗ್ ಶಾಖಕ್ಕೆ ಶಾಫ್ಟ್ ಬಾಗಬಹುದು. ಹಳೆಯದನ್ನು ಮಾದರಿಗೆ ಕೊಟ್ಟು ಇಎನ್ 8 ಅನ್ನುವ ಉಕ್ಕಿನ ಸರಳಿನಲ್ಲಿ ಹೊಸದೇ ಮಾಡಿಸಿ. ಬೇರಿಂಗ್ ಕೂರುವ ಜಾಗ ಮತ್ತು ಬ್ಲೇಡ್ ಒರಗುವ ಫ್ಲಾಂಜಿನ ಮುಖ, ಎರಡನ್ನೂ ಲೇತಿಗೆ ಒಂದೇ ಸಲ ಕಟ್ಟಿದಾಗಲೇ ತಿರುವಬೇಕು ಅಂತ ಒತ್ತಿ ಹೇಳಿ. ನಡುವೆ ಬಿಚ್ಚಿ ಮತ್ತೆ ಕಟ್ಟಿದರೆ ಫ್ಲಾಂಜ್ ಓರೆಯಾಗುವ ಸಾಧ್ಯತೆ ಇದೆ. ಅಲ್ಲಿ ಎಳೆಯಷ್ಟು ಓರೆಯಾದರೂ 12 ಇಂಚಿನ ಬ್ಲೇಡಿನ ಹಲ್ಲಿನ ತುದಿಯಲ್ಲಿ ಅದು ಎಷ್ಟೋ ಪಟ್ಟು ದೊಡ್ಡದಾಗುತ್ತದೆ.

ಬೆಲ್ಟ್ ಸುಮ್ನೆ ಬದಲಾಯಿಸಿಬಿಡಿ. ವರ್ಷಗಟ್ಟಲೆ ನಿಂತ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಸೆಟೆದುಕೊಂಡಿರುತ್ತದೆ. ಎ-42 ಅಂತಿದ್ದರೆ ಎ ಸೆಕ್ಷನ್, ಅಂದರೆ ಬೆಲ್ಟಿನ ಅಗಲ-ದಪ್ಪದ ಗಾತ್ರ, ಒಳ ಸುತ್ತಳತೆ 42 ಇಂಚು. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಎರಡು ಪುಲ್ಲಿಗೂ ಉದ್ದನೆಯ ನೆಟ್ಟ ಪಟ್ಟಿ ಒರಗಿಸಿ ಒಂದೇ ಸಾಲಿನಲ್ಲಿವೆಯಾ ನೋಡಿ.

ಹಾಗೇ ಮೋಟರ್ ತಗಡಿನ ಮೇಲೆ ಬರೆದಿರುವ ನಿಮಿಷದ ಸುತ್ತು, ಅಂದರೆ ಆರ್‌ಪಿಎಂ ಓದಿ. 2880ರ ಮೋಟರ್‌ಗೆ 4 ಇಂಚಿನ ಪುಲ್ಲಿ, ಶಾಫ್ಟಿಗೆ 3 ಇಂಚಿನದಿದ್ದರೆ ಬ್ಲೇಡ್ 3840 ಸುತ್ತು ತಿರುಗುತ್ತದೆ. ಹಿಂದಿನವರು 1440ರ ಮೋಟರ್ ತೆಗೆದು 2880ರದ್ದು ಹಾಕಿ, ಪುಲ್ಲಿ ಹಾಗೇ ಬಿಟ್ಟಿದ್ದರೆ ವೇಗ ಎರಡು ಪಟ್ಟಾಗಿರುತ್ತದೆ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಯಾವತ್ತೂ ಮೀರಬಾರದು.

ಇನ್ನು ಹಲಗೆ ಸುಡುವುದು. ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲ್ ಗುರುತು ಹಾಕಿ. ಅದನ್ನು ಮುಂದೆ ತಂದು ಫೆನ್ಸಿಗೆ, ಅಂದರೆ ಹಲಗೆ ಒರಗಿಸಿ ತಳ್ಳುವ ಪಟ್ಟಿಗೆ, ಎಷ್ಟು ದೂರ ಅಳೆಯಿರಿ. ಅದೇ ಹಲ್ಲನ್ನು ಕೈಯಿಂದ ತಿರುಗಿಸಿ ಹಿಂದೆ ತಂದು ಮತ್ತೆ ಅಳೆಯಿರಿ. ಹಿಂದೆ ಕಡಿಮೆ ಬಂದರೆ ಅಲ್ಲಿ ಹಲಗೆ ಫೆನ್ಸಿಗೂ ಬ್ಲೇಡಿಗೂ ನಡುವೆ ಒತ್ತಿಕೊಳ್ಳುತ್ತದೆ. ಸುಡುವುದೂ ಅದರಿಂದಲೇ, ಹಲಗೆ ಎಗರಿ ನಿಮ್ಮ ಹೊಟ್ಟೆಗೆ ಬಡಿಯುವುದೂ ಅದರಿಂದಲೇ. ವ್ಯತ್ಯಾಸ ಒಂದು ಹಾಳೆ ಕಾಗದದ ದಪ್ಪಕ್ಕಿಂತ ಜಾಸ್ತಿ ಇರದ ಹಾಗೆ ಫೆನ್ಸ್ ಕೂರಿಸಿ.

ನಮ್ಮ ಕಡೆಯ ಹಳೆ ಮೆಷಿನ್‌ಗಳಲ್ಲಿ ಬ್ಲೇಡಿನ ಹಿಂದಿನ ಚಾಕು, ಅಂದರೆ ರೈವಿಂಗ್ ನೈಫ್, ಇರುವುದೇ ಅಪರೂಪ. ದಯವಿಟ್ಟು ಮಾಡಿಸಿ. ಕೊಯ್ದ ಸೀಳು ಬ್ಲೇಡಿನ ಹಿಂದೆ ಕೂಡಿಕೊಳ್ಳದ ಹಾಗೆ ತಡೆಯುವುದು ಅದೇ. ಬ್ಲೇಡಿನ ತಗಡಿಗಿಂತ ದಪ್ಪ, ಸೀಳಿಗಿಂತ ತೆಳು ಇರಬೇಕು. ತಗಡು 2.2, ಸೀಳು 3.2 ಮಿಲಿಮೀಟರ್ ಇದ್ದರೆ 2.5ರ ಸ್ಟೀಲ್ ಪಟ್ಟಿ ಸರಿಯಾಗುತ್ತದೆ. ಹಲ್ಲಿನಿಂದ 3ರಿಂದ 5 ಮಿಲಿಮೀಟರ್ ಹಿಂದೆ, ಬ್ಲೇಡಿನ ನೇರಕ್ಕೇ ಕೂರಿಸಿ.

ಸ್ವಿಚ್ಚೂ ಬದಲಾಯಿಸಿ. ಕರೆಂಟ್ ಹೋದಾಗ ಮಾಮೂಲಿ ಸ್ವಿಚ್ ಆನ್ ಆಗೇ ಉಳಿಯುತ್ತದೆ. ನೀವು ಟೇಬಲ್ ಮೇಲಿನ ಚೂರು ಗುಡಿಸುತ್ತಿರುವಾಗ ಕರೆಂಟ್ ಬಂದರೆ? ಪಂಪ್‌ಸೆಟ್ಟಿಗೆ ಹಾಕುವ ಡಿಒಎಲ್ ಸ್ಟಾರ್ಟರ್ ಇದೆಯಲ್ವಾ, ಅದನ್ನೇ ಸಿಂಗಲ್ ಫೇಸಿನದ್ದು ತನ್ನಿ. ಕರೆಂಟ್ ಹೋದರೆ ತಾನೇ ಬಿಡುತ್ತದೆ, ಮತ್ತೆ ಹಸಿರು ಬಟನ್ ಒತ್ತುವವರೆಗೆ ಓಡುವುದಿಲ್ಲ. ಕರೆಂಟ್ ಬಂದಾಗ ತಾನೇ ಓಡಿಸುವ ತೋಟದ ಪಂಪಿನ ಆಟೋ ಸ್ಟಾರ್ಟ್ ಪೆಟ್ಟಿಗೆಯನ್ನು ಮಾತ್ರ ಇದಕ್ಕೆ ಸೇರಿಸಲೇಬೇಡಿ. ಅರ್ತಿಂಗ್ ಗಟ್ಟಿ ಇರಲಿ.

ಟೇಬಲ್ ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ರಾತ್ರಿ ಬಿಟ್ಟು, 220 ನಂಬರ್ ಎಮರಿ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಒರೆಸಿ ಒಣಗಿಸಿ ಮೇಣದಬತ್ತಿ ತಿಕ್ಕಿ ಬಟ್ಟೆಯಲ್ಲಿ ಹೊಳಪು ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಆಗಾಗ ಮಾಡುತ್ತಿರಬೇಕು.

ಇಷ್ಟಾದ ಮೇಲೆ ಬ್ಲೇಡ್. ಹಳೆಯದನ್ನು ಎಸೆಯಬೇಡಿ, ಸೀಮೆಎಣ್ಣೆಯಲ್ಲಿ ನೆನೆಸಿ ಅಂಟು ತೆಗೆಯಿರಿ. ಹಲ್ಲು ಉದುರಿಲ್ಲದಿದ್ದರೆ ಸಾಣೆ ಹಿಡಿಸಬಹುದು. ಉದ್ದಕ್ಕೆ ಸೀಳುವುದೇ ಜಾಸ್ತಿಯಾದರೆ ಹೊಸದು ಕಡಿಮೆ ಹಲ್ಲಿನದ್ದು ಸಾಕು. ತೇಗ ಜಾಸ್ತಿ ಕೊಯ್ದರೆ ಬೇಗ ಮೊಂಡಾಗುತ್ತದೆ, ಆ ಮರದಲ್ಲೇ ಮರಳಿನ ಅಂಶ ಇದೆ.

ಶಾಫ್ಟ್ ಬಿಚ್ಚಿದ ದಿನ ಬೇರಿಂಗ್ ಕೂರುವ ಜಾಗದ ಫೋಟೊ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ. ಹೊಸದು ಬೇಕಾ, ಅದೇ ನಡೆಯುತ್ತದಾ ನೋಡಿ ಹೇಳುತ್ತೇನೆ.